ಕಡಲ ತಳದಲ್ಲಿ ಭೂಪರೀಕ್ಷೆ

ಮನೆ ಕಟ್ಟುವುದಕ್ಕೆ ಮೊದಲು ನೆಲವನ್ನು ಪರೀಕ್ಷಿಸಬೇಕೆಂಬುದು ನಮ್ಮ ಹಿರಿಯರ ಮತವು. ವರಾಹಮಿಹಿರಾಚಾರ್ಯರು ತಮ್ಮ ಬೃಹತ್ಸಂಹಿತೆಯ ವಾಸ್ತುವಿದ್ಯಾ ಪ್ರಕರಣದಲ್ಲಿ ಇದಕ್ಕೆ ಸುಲಭವಾದ ಉಪಾಯಗಳನ್ನು ಹೇಳಿರುವರು. ನಿವೇಶನದ ನಡುವೆ ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ಅದರಲ್ಲಿ ತುಂಬಬೇಕು. ಮಣ್ಣು ಮಿಕ್ಕರೆ ನೆಲವು ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅಧಮ. ಇಲ್ಲವೆ ಆ ಗುಂಡಿಯನ್ನು ನೀರಿನಿಂದ ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ ಬಂದು ನೋಡಬೇಕು. ನೀರು ಕುಗ್ಗದಿದ್ದರೆ ಆ ನೆಲವು ಶ್ಲಾಘ್ಯವು. ಇದರಲ್ಲಿ ಶಕುನದ ಅಂಶವೆಷ್ಟು, ಮಣ್ಣಿನ ಗುಣವನ್ನರಿಯುವ ವಿವೇಕವೆಷ್ಟು ಎಂಬ ಚರ್ಚೆಯು ಹಾಗಿರಲಿ. ಭಾರವನ್ನು ಹೊರಿಸುವುದಕ್ಕೆ ಮೊದಲು ಹೊರತಕ್ಕ ಭೂಮಿಯನ್ನು ಕೇಳಿಕೊಳ್ಳಬೇಕೆಂಬ ನ್ಯಾಯವು ಮಾತ್ರ ಎಂದಿಗೂ ಹಳತಾಗತಕ್ಕದ್ದಲ್ಲ. ಇದೇ ನ್ಯಾಯವು ಇಂದು ಸಮುದ್ರದ ತಳದಲ್ಲಿ ನಡೆಯುತ್ತಿರುವ ಬಗೆಯನ್ನು ಈ ತಿಂಗಳು ವಾಚಕ ಮಹಾಶಯರಿಗೆ ನಿವೇದಿಸಬೇಕೆಂದಿರುವೆವು.

ಇದಕ್ಕೊಂದು ಕಾರಣವುಂಟು. ನಾವು ಪಾಠಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ ಒಮ್ಮೆ ಗೋಡೆಯ ಭೂಪಟದಲ್ಲಿ ದೇಶಗಳನ್ನು ತೋರಿಸುತ್ತಿದ್ದೆವು. ನೆಲಕ್ಕೆಲ್ಲ ಹಲವು ಬಣ್ಣ, ಕಡಲಿಗೆಲ್ಲ ಒಂದೇ ನೀಲಿ. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ನೀಲಿಯ ಕೆಳಗೆ ಏನಿದೆ, ಗುರುಗಳೇ?” ಎಂದು ಕೇಳಿದನು. “ನೀರು, ಇನ್ನೇನು!” ಎಂದು ಹೇಳಿ ಅವನನ್ನು ಕೂರಿಸಿದೆವು. ತರಗತಿಯು ನಕ್ಕಿತು. ಪ್ರಶ್ನೆಯು ಸರಿಯಾಗಿದ್ದಿತೆಂದೂ ಉತ್ತರವೇ ತಪ್ಪಾಗಿದ್ದಿತೆಂದೂ ನಮಗೆ ತಿಳಿದುದು ಬಹುಕಾಲದ ಮೇಲೆ.

ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಯಂತ್ರಗಳನ್ನು ನಮ್ಮ ಚಿತ್ರದುರ್ಗ, ಗದಗ ಮೊದಲಾದ ಕಡೆಗಳ ಗುಡ್ಡಗಳ ಮೇಲೆ ವಾಚಕರು ಕಂಡೇ ಇರುವರು. ಕಡಲ ಮೇಲೆ ಬೆಟ್ಟವಿಲ್ಲ, ಮರವಿಲ್ಲ, ಊರಿಲ್ಲ. ಆದುದರಿಂದ ಅಲ್ಲಿ ಗಾಳಿಯು ನೆಲದ ಮೇಲಿಗಿಂತ ಬಿರುಸಾಗಿಯೂ ಒಂದೇ ಸಮನಾಗಿಯೂ ಬೀಸುವುದು. ಇದನ್ನರಿತು ಯೂರೋಪಿನವರು ಯಂತ್ರಗಳನ್ನು ಸಮುದ್ರದಲ್ಲಿಯೇ ನಿಲ್ಲಿಸತೊಡಗಿದರು. ೧೯೯೧ರಲ್ಲಿ ಡೆನ್ಮಾರ್ಕ್ ದೇಶದವರು ವಿಂಡೆಬಿ ಎಂಬಲ್ಲಿ ಕರೆಗೆ ಸಮೀಪವಾಗಿ ೧೧ ಯಂತ್ರಗಳನ್ನು ನೆಟ್ಟುದೇ ಇದಕ್ಕೆ ಮೊದಲು. ಇಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯಿಂದ ೧೩೦ ಕಿಲೋಮೀಟರಿಗೂ ಆಚೆ, ಉತ್ತರ ಸಮುದ್ರದ ನಟ್ಟನಡುವೆ, ಡಾಗರ್ ಬ್ಯಾಂಕ್ ಎಂಬ ಸ್ಥಳದಲ್ಲಿ ೨೭೭ ಯಂತ್ರಗಳ ಮಹಾಯೋಜನೆಯು ಕೈಗೊಳ್ಳಲ್ಪಟ್ಟಿರುವುದು. ೨೦೨೩ರ ಅಕ್ಟೋಬರಿನಲ್ಲಿ ಅಲ್ಲಿಂದ ಮೊದಲನೆಯ ವಿದ್ಯುತ್ತು ದಡಕ್ಕೆ ಬಂದಿತು. ಎಲ್ಲವೂ ಕೂಡಿದರೆ ೩,೬೦೦ ಮೆಗಾವಾಟ್ ಶಕ್ತಿಯೆಂದು ಲೆಕ್ಕ.

ಡಾಗರ್ ಬ್ಯಾಂಕ್ ಎಂಬುದು ನೀರಿನಲ್ಲಿ ಮುಳುಗಿರುವ ಒಂದು ವಿಶಾಲವಾದ ದಿಬ್ಬ. ‘ಡಾಗರ್’ ಎಂದರೆ ಹಿಂದೆ ಹಾಲೆಂಡಿನವರು ಮೀನು ಹಿಡಿಯಲು ಬಳಸುತ್ತಿದ್ದ ಒಂದು ಬಗೆಯ ದೋಣಿ. ಅದರಿಂದಲೇ ಈ ಹೆಸರು ಬಂದಿರುವುದು. ಯಂತ್ರಗಳು ನಿಲ್ಲತಕ್ಕ ಎಡೆಯಲ್ಲಿ ನೀರಿನ ಆಳವು ಸುಮಾರು ೨೦ರಿಂದ ೩೫ ಮೀಟರು ಮಾತ್ರ. ನಡುಗಡಲಿನಲ್ಲಿ ಇಷ್ಟು ಕಡಿಮೆ ಆಳವು ದೊರೆಯುವುದು ಸುಲಭವಲ್ಲ. ಆದರೆ ಆಳವು ಕಡಿಮೆಯೆಂದ ಮಾತ್ರಕ್ಕೆ ನೆಲವು ಗಟ್ಟಿಯೆಂದಾಗುವುದೇ?

ಈ ಯಂತ್ರಗಳ ಗಾತ್ರವನ್ನು ಕೇಳಿದರೆ ಪ್ರಶ್ನೆಯ ತೂಕವು ತಿಳಿಯುವುದು. ಒಂದೊಂದು ರೆಕ್ಕೆಯ ಉದ್ದವು ೧೦೭ ಮೀಟರು. ಮೇಲೆತ್ತಿದ ರೆಕ್ಕೆಯ ತುದಿಯು ಕಡಲಿನಿಂದ ಸುಮಾರು ೨೬೦ ಮೀಟರು ಎತ್ತರದಲ್ಲಿರುವುದು. ದೆಹಲಿಯ ಕುತುಬ್ ಮಿನಾರನ್ನು ಒಂದರ ಮೇಲೊಂದರಂತೆ ಮೂರು ಸಲ ನಿಲ್ಲಿಸಿದರೂ ಅಷ್ಟಾಗದು. ಇದನ್ನು ಹೊರುವುದು ಸಮುದ್ರತಳಕ್ಕೆ ಹೊಡೆದಿಳಿಸಿದ ಒಂದೇ ಒಂದು ಉಕ್ಕಿನ ಕೊಳವೆ. ಮನೆಯ ಭಾರವು ಕೆಳಮುಖವಾಗಿ ಒತ್ತುವುದು. ಇಲ್ಲಿಯಾದರೋ ಗಾಳಿಯೂ ಅಲೆಯೂ ಪಕ್ಕದಿಂದ ತಳ್ಳುತ್ತ ಆ ಕೊಳವೆಯನ್ನು ವರ್ಷಗಟ್ಟಲೆ, ಕೋಟ್ಯಂತರ ಬಾರಿ ಅಲುಗಿಸುವುವು. ಗೂಟವನ್ನು ಹಿಡಿದು ಅಲ್ಲಾಡಿಸುತ್ತ ಸಡಿಲಿಸುವಂತೆಯೇ ಇದು. ಬುಡದ ಮಣ್ಣು ಸೋತು ಕಂಬವು ಅರ್ಧ ಡಿಗ್ರಿಗಿಂತ ಹೆಚ್ಚು ವಾಲಿದರೂ ಯಂತ್ರಕ್ಕೆ ಕೇಡು ಎಂಬುದು ಇಂಜಿನಿಯರುಗಳ ಸಾಮಾನ್ಯ ನಿಯಮವು. ಆದುದರಿಂದ ಕಂಬವನ್ನು ನೆಡುವುದಕ್ಕೆ ವರ್ಷಗಳ ಮೊದಲೇ ಭೂಪರೀಕ್ಷೆಯು ಆರಂಭವಾಗುವುದು.

ಹಿಂದಿನ ನಾವಿಕರು ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ಇಳಿಬಿಟ್ಟು ಆಳವನ್ನು ಅಳೆಯುತ್ತಿದ್ದರು. ಗುಂಡಿನ ಅಡಿಗೆ ಕೊಬ್ಬನ್ನು ಮೆತ್ತಿರುತ್ತಿದ್ದುದರಿಂದ ತಳದ ಮರಳೋ ಕೆಸರೋ ಅದಕ್ಕಂಟಿ ಮೇಲಕ್ಕೆ ಬರುತ್ತಿದ್ದಿತು. ಈಗ ಹಗ್ಗದ ಕೆಲಸವನ್ನು ಶಬ್ದವು ಮಾಡುವುದು. ಶಬ್ದವು ಕಡಲ ನೀರಿನಲ್ಲಿ ಸೆಕೆಂಡಿಗೆ ಸುಮಾರು ೧,೫೦೦ ಮೀಟರು ಓಡುವುದು. ೩೦ ಮೀಟರು ಆಳದ ತಳವನ್ನು ಮುಟ್ಟಿ ಅದರ ಪ್ರತಿಧ್ವನಿಯು ಮರಳುವುದಕ್ಕೆ ಸೆಕೆಂಡಿನ ಇಪ್ಪತ್ತೈದರಲ್ಲೊಂದು ಪಾಲು ಸಾಕು. ಹಡಗಿನ ಅಡಿಯಿಂದ ಬೀಸಣಿಗೆಯಾಕಾರದಲ್ಲಿ ನೂರಾರು ಧ್ವನಿಕಿರಣಗಳನ್ನು ಬಿಟ್ಟು, ಹೊಲ ಉಳುವವನು ಸಾಲು ಹಿಡಿದು ಹೋಗಿಬರುವಂತೆ ಹಡಗನ್ನು ನಡೆಸಿದರೆ ತಳದ ಉಬ್ಬುತಗ್ಗುಗಳೆಲ್ಲ ಚಿತ್ರಿತವಾಗುವುವು.

ಇದು ಮೇಲ್ಮೈಯ ಮಾತಾಯಿತು. ಒಳಗನ್ನು ಅರಿಯುವುದು ಹೇಗೆ? ನಮ್ಮ ಗೃಹಿಣಿಯರು ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ, ಅದರ ನಾದದಿಂದ ಒಡಕನ್ನು ಕಂಡುಹಿಡಿಯುವರಷ್ಟೆ! ಹಾಗೆಯೇ ತಗ್ಗಿದ ಸ್ಥಾಯಿಯ ಶಬ್ದವನ್ನು ಕಳುಹಿಸಿದರೆ ಅದು ತಳವನ್ನು ಹೊಕ್ಕು, ಒಂದು ಪದರವು ಮುಗಿದು ಮತ್ತೊಂದು ಮೊದಲಾಗುವ ಎಡೆಯಲ್ಲೆಲ್ಲ ಸ್ವಲ್ಪ ಸ್ವಲ್ಪವೇ ಹಿಂದಿರುಗುವುದು. ಸ್ಥಾಯಿಯು ತಗ್ಗಿದಷ್ಟೂ ಶಬ್ದವು ಆಳಕ್ಕಿಳಿಯುವುದು, ಆದರೆ ಚಿತ್ರವು ಒರಟಾಗುವುದು. ಏರಿದಷ್ಟೂ ಚಿತ್ರವು ಸೂಕ್ಷ್ಮವಾಗುವುದು, ಆದರೆ ಆಳವು ದೊರೆಯದು. ಆದುದರಿಂದ ಎರಡನ್ನೂ ಬಳಸಬೇಕು. ಕಬ್ಬಿಣವನ್ನು ಪತ್ತೆಮಾಡುವ ಕಾಂತಮಾಪಕವೊಂದನ್ನೂ ಹಡಗಿನ ಹಿಂದೆ ಎಳೆಯುವರು. ಎರಡು ಮಹಾಯುದ್ಧಗಳಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬುಗಳು ಆ ಕಡಲಿನಲ್ಲಿ ಇನ್ನೂ ಮಲಗಿರುವುವು.

ಕಡೆಗೆ ತಟ್ಟಿ ನೋಡಿದುದನ್ನು ಚುಚ್ಚಿ ನೋಡಬೇಕು. ತುದಿಯು ಶಂಕುವಿನಂತಿರುವ ಉಕ್ಕಿನ ಸಲಾಕೆಯನ್ನು ಸೆಕೆಂಡಿಗೆ ೨ ಸೆಂಟಿಮೀಟರಿನ ವೇಗದಿಂದ ತಳಕ್ಕೆ ಒತ್ತುತ್ತ, ಮಣ್ಣು ತುದಿಯನ್ನು ಎಷ್ಟು ತಡೆಯಿತು, ಪಕ್ಕವನ್ನು ಎಷ್ಟು ಉಜ್ಜಿತು, ಮಣ್ಣಿನೊಳಗಣ ನೀರು ಎಷ್ಟು ಒತ್ತಿತು ಎಂಬುದನ್ನು ಬರೆದುಕೊಳ್ಳುವರು. ಕೊಳವೆಗಳನ್ನಿಳಿಸಿ ಮಣ್ಣಿನ ಕಂಬಗಳನ್ನೇ ಎತ್ತಿ ತಂದು ಪರೀಕ್ಷಿಸುವರು. ವರಾಹಮಿಹಿರಾಚಾರ್ಯರ ಒಂದು ಮೊಳದ ಗುಂಡಿಯು ಇಲ್ಲಿ ಹತ್ತಾರು ಮೀಟರಿನದಾಗಿರುವುದು, ಅಷ್ಟೆ.

೨೦೧೦ರಿಂದೀಚೆಗೆ ಡಾಗರ್ ಬ್ಯಾಂಕಿನಲ್ಲಿ ಹೀಗೆ ಪರೀಕ್ಷಿಸಿದಾಗ ಭೂಗರ್ಭಶಾಸ್ತ್ರಜ್ಞರಿಗೆ ಆಶ್ಚರ್ಯವು ಕಾದಿದ್ದಿತು. ಮೇಲಿನ ಮರಳಿನ ಕೆಳಗೆ ಪದರ ಪದರವಾಗಿ ಸಮನಾದ ಜೇಡಿಯಿರುವುದೆಂದು ಅವರು ಎಣಿಸಿದ್ದರು. ಕಂಡುದು ಬೇರೆ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಭೂಮಿಯ ನೀರಿನ ಒಂದು ಪಾಲು ಮಂಜಾಗಿ ನೆಲದ ಮೇಲೆ ನಿಂತಿದ್ದುದರಿಂದ ಸಮುದ್ರವು ಇಂದಿಗಿಂತ ಸುಮಾರು ೧೨೦ ಮೀಟರು ಕೆಳಗಿದ್ದಿತು. ಅಂದಿನ ಹಿಮರಾಶಿಯು ಮುಂದಕ್ಕೂ ಹಿಂದಕ್ಕೂ ಸರಿಯುತ್ತ, ರೊಟ್ಟಿಯ ಹಿಟ್ಟನ್ನು ಅಂಗೈಯಿಂದ ನೂಕಿದಂತೆ, ಜೇಡಿಯನ್ನು ಮಡಿಕೆಮಡಿಕೆಯಾಗಿ ನೂಕಿ ದಿಣ್ಣೆಗಳನ್ನೊಡ್ಡಿದ್ದಿತು. ದಿಣ್ಣೆಗಳು ಗಾಳಿಗೊಡ್ಡಿ ಒಣಗಿ ಗಡುಸಾಗಿದ್ದುವು. ನಡುವಣ ತಗ್ಗುಗಳಲ್ಲಿ ಕೆರೆಗಳು ನಿಂತು ಮೆತ್ತನೆಯ ಹೂಳು ತುಂಬಿದ್ದಿತು. ಹೀಗೆ ಕೆಲವೇ ಮಾರುಗಳ ಅಂತರದಲ್ಲಿ ನೆಲವು ಕಲ್ಲಿನಂತೆ ಗಟ್ಟಿಯೂ ಬೆಣ್ಣೆಯಂತೆ ಮೃದುವೂ ಆಗಿರಬಹುದು. ಒಂದು ಕಂಬದ ಲೆಕ್ಕವನ್ನು ಪಕ್ಕದ ಕಂಬಕ್ಕೆ ಹೊಂದಿಸುವಂತಿಲ್ಲ.

ಒಣಗಿದ ಜೇಡಿಯೆಂದರೇನು? ಅದು ಒಮ್ಮೆ ಬಿಸಿಲು ಕಂಡ ನೆಲವೆಂದೇ ಅರ್ಥ. ಈ ಸಂಗತಿಯ ಸುಳಿವು ಮೀನುಗಾರರಿಗೆ ಹಿಂದಿನಿಂದಲೂ ದೊರೆಯುತ್ತಿದ್ದಿತು. ಅವರ ಬಲೆಗಳಿಗೆ ಮಹಾಗಜದ ಎಲುಬುಗಳೂ ಕೊಳೆತ ಗಿಡಮರಗಳ ಕರಿಯ ಹೆಂಟೆಗಳೂ ಸಿಕ್ಕುತ್ತಿದ್ದುವು. ಕ್ಲೆಮೆಂಟ್ ರೀಡ್ ಎಂಬ ವಿದ್ವಾಂಸರು ೧೯೧೩ರಲ್ಲಿಯೇ ಮುಳುಗಿದ ಅರಣ್ಯಗಳ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದ್ದರು. ೧೯೩೧ರಲ್ಲಿ ಡಾಗರ್ ಬ್ಯಾಂಕಿಗೆ ದಕ್ಷಿಣದಲ್ಲಿ, ನಾರ್ಫಕ್ ಕರಾವಳಿಯಾಚೆ, ‘ಕಾಲಿಂಡ’ ಎಂಬ ದೋಣಿಯ ಬಲೆಗೆ ಅಂತಹ ಹೆಂಟೆಯೊಂದು ಸಿಕ್ಕಿತು. ದೋಣಿಯ ಯಜಮಾನನಾದ ಪಿಲ್‌ಗ್ರಿಮ್ ಲಾಕ್‌ವುಡ್ ಎಂಬವನು ಅದನ್ನು ಸಲಿಕೆಯಿಂದ ಒಡೆಯುವಾಗ ಏನೋ ಗಟ್ಟಿಯಾಗಿ ತಾಗಿತು. ತೆಗೆದು ನೋಡಲು, ಜಿಂಕೆಯ ಕೊಂಬಿನಿಂದ ಕೆತ್ತಿದ, ಒಂದು ಅಂಚಿನಲ್ಲಿ ಮುಳ್ಳುಗಳುಳ್ಳ ಈಟಿಯ ಮೊನೆ! ಅದು ಹನ್ನೊಂದು ಸಾವಿರ ವರ್ಷಗಳಿಗೂ ಹಿಂದಿನದೆಂದು ಅನಂತರದ ಪರೀಕ್ಷೆಗಳಿಂದ ತಿಳಿದುಬಂದಿತು. ಬ್ರೈಯನಿ ಕೋಲ್ಸ್ ಎಂಬ ವಿದುಷಿಯು ೧೯೯೮ರಲ್ಲಿ ಈ ಮುಳುಗಿದ ನಾಡಿಗೆ ‘ಡಾಗರ್‌ಲ್ಯಾಂಡ್’ ಎಂಬ ಹೆಸರನ್ನು ಬಳಕೆಗೆ ತಂದರು. ಎಣ್ಣೆಗಾಗಿ ಕಡಲನ್ನು ಶೋಧಿಸಿದ ಕಂಪನಿಗಳ ಧ್ವನಿಚಿತ್ರಗಳನ್ನೇ ಮರಳಿ ಓದಿ, ವಿನ್ಸ್ ಗ್ಯಾಫ್ನಿಯವರೂ ಅವರ ಸಂಗಡಿಗರೂ ಅಲ್ಲಿನ ನದಿ, ಸರೋವರ, ಬೆಟ್ಟಗಳನ್ನು ಪಟದಲ್ಲಿ ಗುರುತಿಸಿದರು.

ಆ ನಾಡು ಏನಾಯಿತು? ಮಂಜು ಕರಗಿತು, ಕಡಲು ಏರಿತು. ಬಯಲು ಜೌಗಾಯಿತು, ಜೌಗು ಕೊಲ್ಲಿಯಾಯಿತು, ಎತ್ತರದ ಡಾಗರ್ ದಿಬ್ಬವು ಕೆಲವು ಕಾಲ ದ್ವೀಪವಾಗಿದ್ದು ಅದೂ ಮರೆಯಾಯಿತು. ಸುಮಾರು ೮,೧೫೦ ವರ್ಷಗಳ ಹಿಂದೆ ನಾರ್ವೆಯ ಬಳಿ ಸ್ಟೊರೆಗ್ಗ ಎಂಬಲ್ಲಿ ಸಮುದ್ರತಳವು ಕುಸಿದು ಮಹಾತರಂಗವೆದ್ದಿತು. ಅದು ತಂದು ಸುರಿದ ಮರಳು ಸ್ಕಾಟ್ಲೆಂಡಿನ ಕರೆಯಲ್ಲಿ ಇಂದಿಗೂ ಉಂಟು. ಆದರೆ ನಾಡನ್ನು ನುಂಗಿದುದು ಮುಖ್ಯವಾಗಿ ಆ ಒಂದು ಅಲೆಯಲ್ಲ, ತಲೆಮಾರುಗಳುದ್ದಕ್ಕೂ ಸದ್ದಿಲ್ಲದೆ ಏರಿದ ನೀರು. ಅಜ್ಜನು ಬೇಟೆಯಾಡಿದ ಎಡೆಯಲ್ಲಿ ಮೊಮ್ಮಗನು ಮೀನು ಹಿಡಿದಿರಬೇಕು.

ಇಲ್ಲಿಯೇ ನಾವು ಗಮನಿಸತಕ್ಕ ವಿಚಾರವಿರುವುದು. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟುದರ ಫಲವಾಗಿ ಭೂಮಿಯು ಕಾದು, ಕಡಲು ಮತ್ತೆ ಏರುತ್ತಿರುವುದು. ಆ ಏರಿಕೆಯನ್ನು ತಗ್ಗಿಸುವುದಕ್ಕಾಗಿಯೇ ಈ ಗಾಳಿಯಂತ್ರಗಳನ್ನು ಬಯಸುತ್ತಿರುವೆವು. ಹೀಗೆ, ಮುಂದೆ ಊರುಗಳು ಮುಳುಗದಿರಲೆಂದು ನೆಡುವ ಕಂಬಗಳ ಬುಡವು ಹಿಂದೆ ಮುಳುಗಿದ ನಾಡಿನಲ್ಲಿಯೇ ಊರಬೇಕಾಗಿರುವುದು! ಉದ್ದೇಶವು ಒಳ್ಳೆಯದೆಂದು ಅವಸರಪಡಬಹುದೇ? ಒಂದು ಕೊಳವೆಯನ್ನು ಹೊಡೆದಿಳಿಸಿದ ಮೇಲೆ ಅದರಡಿಯಲ್ಲಿ ಯಾರ ಒಲೆಯ ಬೂದಿಯಿದ್ದಿತೆಂದು ಕೇಳಿ ಫಲವಿಲ್ಲ. ಆದುದರಿಂದ ಇಂಗ್ಲೆಂಡಿನಲ್ಲಿ ಇಂತಹ ಯೋಜನೆಗಳಿಗೆ ಅನುಮತಿ ಕೊಡುವಾಗ, ಧ್ವನಿಚಿತ್ರಗಳನ್ನೂ ಮಣ್ಣಿನ ಕಂಬಗಳನ್ನೂ ಪುರಾತತ್ತ್ವಜ್ಞರಿಗೆ ತೋರಿಸಬೇಕೆಂಬ ನಿಬಂಧನೆಯನ್ನು ಹಾಕುವರು. ಅಗತ್ಯವಾದರೆ ಕಂಬದ ಸ್ಥಾನವನ್ನು ಸರಿಸುವರು. ಇದಕ್ಕೆ ಕಾಲವೂ ಹಣವೂ ಬೇಕು. ಆದರೆ ಇಂಜಿನಿಯರನು ಭಯಪಡುವ ಮೆತ್ತನೆಯ ಹೂಳೇ ಹೂಪರಾಗವನ್ನೂ ಬೀಜಗಳನ್ನೂ ಕಾಪಾಡಿ ಪುರಾತತ್ತ್ವಜ್ಞನಿಗೆ ಪುಸ್ತಕವಾಗುವುದು. ಒಬ್ಬನು ತಪ್ಪಿಸಿಕೊಳ್ಳಬೇಕೆನ್ನುವ ಎಡೆಯನ್ನೇ ಮತ್ತೊಬ್ಬನು ಉಳಿಸಬೇಕೆನ್ನುವನು. ಪರೀಕ್ಷೆಯು ಸರಿಯಾಗಿ ನಡೆದರೆ ಎಷ್ಟೋ ವೇಳೆ ಇಬ್ಬರಿಗೂ ಲಾಭವೇ.

ಇದು ದೂರದೇಶದ ಮಾತೆಂದು ವಾಚಕರು ಪುಟ ಮಗುಚಬಾರದು. ೨೦೨೪ರ ಜೂನ್ ತಿಂಗಳಿನಲ್ಲಿ ಭಾರತದ ಮಂತ್ರಿಮಂಡಲವು ಗುಜರಾತ್ ಮತ್ತು ತಮಿಳುನಾಡಿನ ಕಡಲುಗಳಲ್ಲಿ ತಲಾ ೫೦೦ ಮೆಗಾವಾಟ್ ಗಾಳಿವಿದ್ಯುತ್ತಿಗಾಗಿ ೭,೪೫೩ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯನ್ನಿತ್ತಿತು. ಖಂಭಾತ್ ಕೊಲ್ಲಿಯಲ್ಲಿ ನರ್ಮದಾ, ತಾಪಿ ಮೊದಲಾದ ನದಿಗಳು ತಂದ ಹೂಳನ್ನು ಪ್ರಚಂಡವಾದ ಉಬ್ಬರವಿಳಿತಗಳು ಕಲಕುತ್ತಿರುವುವು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳುಂಟು. ಒಂದರ ಪಾಠವು ಇನ್ನೊಂದಕ್ಕೆ ಸಾಲದು. ಗುಜರಾತಿನ ದ್ವಾರಕೆಯ ಕಡಲಿನಲ್ಲಿ ೧೯೮೦ರ ದಶಕದಲ್ಲಿ ಮುಳುಗುಗಾರರನ್ನಿಳಿಸಿ ಕಲ್ಲಿನ ಲಂಗರುಗಳನ್ನೂ ಕಟ್ಟಡದ ಕಲ್ಲುಗಳನ್ನೂ ಶೋಧಿಸಿದ ಎಸ್. ಆರ್. ರಾಯರು ನಮ್ಮ ಕನ್ನಡ ನಾಡಿನವರೇ. ಅವರು ತೋರಿದ ದಾರಿಯಲ್ಲಿ, ಯಂತ್ರಶಾಸ್ತ್ರಜ್ಞನೂ ಪುರಾತತ್ತ್ವಜ್ಞನೂ ಒಂದೇ ಹಡಗಿನಲ್ಲಿ ಹೋಗುವಂತಾದರೆ ದೇಶಕ್ಕೆ ಶ್ರೇಯಸ್ಸು.

ನೀಲಿಯ ಕೆಳಗೆ ಏನಿದೆ ಎಂದು ಕೇಳಿದ ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಅವನ ಮನೆಯಲ್ಲಿಯೂ ಈ ಪತ್ರಿಕೆಯನ್ನು ಓದುವವರಿದ್ದರೆ ನಮ್ಮ ತಿದ್ದಿದ ಉತ್ತರವನ್ನು ಅವನಿಗೆ ತಲುಪಿಸಬೇಕೆಂದು ಪ್ರಾರ್ಥನೆ: ಮಗೂ, ನೀರಿನ ಕೆಳಗೆ ನೆಲವುಂಟು, ಆ ನೆಲದಲ್ಲಿ ಒಂದು ಕಾಲಕ್ಕೆ ಹೊಳೆ ಹರಿದಿದ್ದಿತು, ಒಲೆ ಉರಿದಿದ್ದಿತು. ಅಲ್ಲಿ ಏನನ್ನು ಕಟ್ಟುವುದಾದರೂ ಮೊದಲು ಕೇಳಿ ಕಟ್ಟಬೇಕು.