ಗಾಳಿ ಊದಿದರೆ ಸಾಲದು

ಜೈವಿಕ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡನ್ನು ಆಮ್ಲೀಯ ಫೆರಿಕ್ ಸಲ್ಫೇಟ್ ದ್ರಾವಣ ಬೇಗನೆ ಗಂಧಕವಾಗಿಸುತ್ತದೆ. ಕಬ್ಬಿಣ ಫೆರಸ್ ಸ್ಥಿತಿಗೆ ಇಳಿಯುತ್ತದೆ. ಅದನ್ನು ಮತ್ತೆ ಫೆರಿಕ್ ಮಾಡಲು ಗಾಳಿ ಹೆಚ್ಚಿಸಿದರೆ ಸಾಕೆಂಬ ವಾದ ಖಂಡಿತ ತಪ್ಪು. ಆ ವಾದದ ಹಿಂದಿನ ಲೆಕ್ಕ ತಟಸ್ಥ ನೀರಿಗೆ ಸಲ್ಲುವಂಥದ್ದು: ಅಲ್ಲಿ ಪಿಎಚ್ ಒಂದು ಅಂಕ ಏರಿದರೆ ಫೆರಸ್ ಉತ್ಕರ್ಷಣದ ವೇಗ ನೂರು ಪಟ್ಟಾಗುತ್ತದೆ. ಆಮ್ಲೀಯ ದ್ರಾವಣದಲ್ಲಿ, ಪಿಎಚ್ 3.5ರ ಕೆಳಗೆ, ಈ ನಿಯಮ ನಡೆಯದು. ವಿಜ್ಞಾನಿಗಳಾದ ಸಿಂಗರ್ ಮತ್ತು ಸ್ಟಮ್ 1970ರಲ್ಲಿ ತೋರಿಸಿದಂತೆ, ಪಿಎಚ್ 3ರ ಹತ್ತಿರ ಅರ್ಧದಷ್ಟು ಫೆರಸ್ ಉತ್ಕರ್ಷಣಗೊಳ್ಳಲು ಸುಮಾರು 1000 ದಿನ ಬೇಕು. ಶುದ್ಧ ಆಮ್ಲಜನಕ ಕೊಟ್ಟರೂ ವೇಗ ಏರುವುದು ಐದು ಪಟ್ಟಿನಷ್ಟೇ. ಆಸಿಡಿಥಿಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್‌ನಂಥ ಬ್ಯಾಕ್ಟೀರಿಯಾಗಳಾದರೋ ಅದನ್ನು ಹತ್ತು ಲಕ್ಷ ಪಟ್ಟಿನವರೆಗೆ ಏರಿಸಬಲ್ಲವು. ಗಾಳಿ ಬೇಕಾಗುವುದು ಅವುಗಳ ಉಸಿರಾಟಕ್ಕೆ. ಕ್ಷಾರ ಸುರಿದು ಪಿಎಚ್ ಏರಿಸುವುದಂತೂ ಇನ್ನೂ ಕೆಟ್ಟ ದಾರಿ: ಫೆರಿಕ್ ಕಬ್ಬಿಣ ಜರೋಸೈಟ್ ಎಂಬ ಹಳದಿ ಖನಿಜವಾಗಿ ಪೈಪುಗಳೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.