ಮಂತ್ರಿಯನ್ನು ಜೈಲಿಗೆ ಕಳಿಸಿದ 3 ಪಾಯಿಂಟು

ಕಾರು ಜೋರಾಗಿ ಓಡಿಸಿದ್ದಕ್ಕೆ ಮಂತ್ರಿಗಿರಿ ಹೋಗುವುದುಂಟೆ? ನಮ್ಮಲ್ಲಿ ಹೀಗೆ ಕೇಳಿದರೆ ಜನ ನಗುತ್ತಾರೆ. ಬ್ರಿಟನ್ನಿನಲ್ಲಿ ಹೋಯಿತು.

2003ರಲ್ಲಿ ಕ್ರಿಸ್ ಹ್ಯೂನ್ ಎಂಬ ರಾಜಕಾರಣಿಯ ಕಾರು ಕ್ಯಾಮೆರಾಕ್ಕೆ ಸಿಕ್ಕಿಬಿತ್ತು. ಲೈಸೆನ್ಸಿನ ಮೇಲೆ ಆಗಲೇ 9 ಪಾಯಿಂಟು. ಇನ್ನು 3 ಸೇರಿದರೆ 12. ಆಮೇಲೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಓಡಿಸಿದ್ದು ಹೆಂಡತಿ ಎಂದು ಹೇಳಿಸಿ ಪಾಯಿಂಟುಗಳನ್ನು ಆಕೆಯ ತಲೆಗೆ ಕಟ್ಟಿದ. ಮುಂದೆ ಮಂತ್ರಿಯಾದ. ಸಂಸಾರ ಒಡೆಯಿತು, ಗುಟ್ಟು ರಟ್ಟಾಯಿತು. 2012ರಲ್ಲಿ ಪದವಿ ಹೋಯಿತು. 2013ರ ಮಾರ್ಚಿನಲ್ಲಿ ಇಬ್ಬರಿಗೂ ಎಂಟೆಂಟು ತಿಂಗಳ ಜೈಲು ಶಿಕ್ಷೆ. ಇಷ್ಟೆಲ್ಲ ಸುಳ್ಳು ಹೇಳಿ ಉಳಿಸಿಕೊಂಡ ಲೈಸೆನ್ಸು ಕೆಲವೇ ತಿಂಗಳಲ್ಲಿ, ಮೊಬೈಲ್ ಹಿಡಿದು ಕಾರು ಓಡಿಸಿದ್ದಕ್ಕೆ, ಹೇಗೂ ಹೋಗಿತ್ತು!

ಅಲ್ಲಿನ ಲೆಕ್ಕ ಸರಳ. ವೇಗ ಮೀರಿದರೆ ಕನಿಷ್ಠ 3 ಪಾಯಿಂಟು, ಕೈಯಲ್ಲಿ ಮೊಬೈಲ್ ಇದ್ದರೆ 6. ಮೂರು ವರ್ಷದಲ್ಲಿ 12 ತುಂಬಿದರೆ ಸಾಮಾನ್ಯವಾಗಿ ಆರು ತಿಂಗಳು ನಿಷೇಧ. ಹೊಸದಾಗಿ ಪಾಸಾದವರಿಗೆ ಮೊದಲ ಎರಡು ವರ್ಷ 6ಕ್ಕೇ ಲೈಸೆನ್ಸು ರದ್ದು. ಮತ್ತೆ ಎಲ್ ಬೋರ್ಡು, ಮತ್ತೆ ಪರೀಕ್ಷೆ. ಅಂದರೆ ಒಂದು ಫೋನ್ ಕರೆ ಸಾಕು. ಓದಲು ಹೋದ ನಮ್ಮ ಹುಡುಗರು ಗಮನಿಸಿ: ಇಲ್ಲಿನ ಲೈಸೆನ್ಸು ಅಲ್ಲಿ ನಡೆಯುವುದು 12 ತಿಂಗಳು ಮಾತ್ರ. ಆಮೇಲೆ ಅಲ್ಲಿ ಪಾಸಾದರೆ, ಬೆಂಗಳೂರಿನಲ್ಲಿ ಹತ್ತು ವರ್ಷ ಓಡಿಸಿದ್ದರೂ ನೀವು ಹೊಸಬರೇ.

ಇನ್ನು ನಮ್ಮ ಕಥೆ. 2014ರ ಕರಡು ಮಸೂದೆಯಲ್ಲಿ ಪಾಯಿಂಟಿನ ಮಾತಿತ್ತು. 2019ರ ತಿದ್ದುಪಡಿಯಲ್ಲಿ ಅದು ಮಾಯ, ಉಳಿದದ್ದು ದಂಡದ ಭರಾಟೆ. ಆ ದಂಡವಾದರೂ ಏನಾಯಿತು? 2023ರ ಫೆಬ್ರವರಿಯಲ್ಲಿ ಆಷಾಢದ ಸೀರೆ ಸೇಲಿನಂತೆ ಅರ್ಧ ಬೆಲೆಗೆ ಬಂತು! ಜನ ಕ್ಯೂ ನಿಂತು ಕಟ್ಟಿದರು, ಬೊಕ್ಕಸಕ್ಕೆ ಕೋಟಿಗಟ್ಟಲೆ ಬಂತು. ಸಿಗ್ನಲ್ ಹಾರುವವರು ಹಾರುತ್ತಲೇ ಇದ್ದಾರೆ. ದೊಡ್ಡ ಕಾರಿನವನಿಗೆ ಐನೂರು ಸಾವಿರ ಕಾಫಿ ಕಾಸು. ಊಟ ತಲುಪಿಸುವ ಹುಡುಗನಿಗೆ ಅದು ದಿನದ ದುಡಿಮೆ. ಪಾಯಿಂಟಿಗೆ ಡಿಸ್ಕೌಂಟ್ ಇಲ್ಲ, ಅದಕ್ಕೇ ಅದು ನಮಗೆ ಬೇಕು.

ಆದರೆ ಕಣ್ಣುಮುಚ್ಚಿ ತರಬೇಡಿ ಸ್ವಾಮಿ. ಬ್ರಿಟನ್ನಿನಲ್ಲೂ ಒಳ್ಳೆಯ ವಕೀಲರನ್ನಿಟ್ಟು, ಲೈಸೆನ್ಸು ಹೋದರೆ ಬದುಕೇ ಹೋಗುತ್ತದೆ ಎಂದು ಕೋರ್ಟಿನಲ್ಲಿ ಅಲವತ್ತುಕೊಂಡು 12 ದಾಟಿಯೂ ಓಡಾಡುವವರಿದ್ದಾರೆ. ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನು, ಓಡಿಸಿದವನನ್ನಲ್ಲ. ಅಲ್ಲಿ ಮಾಲೀಕ 28 ದಿನದೊಳಗೆ ಓಡಿಸಿದವರ ಹೆಸರು ಕೊಡಲೇಬೇಕು, ಕೊಡದಿದ್ದರೆ ಅವನಿಗೇ 6 ಪಾಯಿಂಟು. ಇಲ್ಲಿ ಇದೇ ನಿಯಮ ಬಂದರೆ ಸಾಹುಕಾರ ಯಾರ ಹೆಸರು ಬರೆದುಕೊಡುತ್ತಾನೆ? ಹ್ಯೂನ್ ಹೆಂಡತಿಯ ಹೆಸರು ಬರೆಸಿದ, ಇಲ್ಲಿ ಡ್ರೈವರನ ಹೆಸರು ಬರುತ್ತದೆ. ಧಣಿಯ ಪಾಯಿಂಟು ಹೊತ್ತು ಅನ್ನ ಕಳೆದುಕೊಳ್ಳುವವನು ಅವನು. ಆದ್ದರಿಂದ ನೋಟಿಸು ಡ್ರೈವರನ ಕೈಗೇ ಬರಬೇಕು, ಅವನು ಓದಬಲ್ಲ ಕನ್ನಡದಲ್ಲಿರಬೇಕು, 'ನಾನು ಓಡಿಸಲಿಲ್ಲ' ಎನ್ನಲು ಅವನಿಗೊಂದು ಜಾಗವಿರಬೇಕು.

ಪಾಯಿಂಟು ಬಂದಿಲ್ಲವೆಂದು ಮೈಮರೆಯಬೇಡಿ. ಹೆಲ್ಮೆಟ್ ಇಲ್ಲದಿದ್ದರೆ ಮೂರು ತಿಂಗಳು ಲೈಸೆನ್ಸು ತಡೆಹಿಡಿಯಲು ಈಗಿನ ಕಾಯ್ದೆಯಲ್ಲೇ ದಾರಿಯಿದೆ. ಆ ಅವಧಿಯಲ್ಲಿ ಗಾಡಿ ಓಡಿಸಿ ಸಿಕ್ಕಿದರೆ ದಂಡ 10,000 ರೂಪಾಯಿ. ಜೈಲೂ ಆಗಬಹುದು, ಮೂರು ತಿಂಗಳವರೆಗೆ.