ಹಳದಿ ಕಣ್ಣು: ನೋವಿಲ್ಲವೆಂದು ಸುಮ್ಮನಿರಬೇಡಿ!

"ಗ್ಯಾಸ್ಟ್ರಿಕ್ಕು ಸ್ವಾಮಿ, ಒಂದು ಮಾತ್ರೆ ಕೊಡಿ!"

ವಿಮಾನಪುರದ ಯಾವ ಔಷಧಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಗಲ್ಲಾ ಬಿಟ್ಟು ಏಳಲಾರದ ವ್ಯಾಪಾರಿಗೂ, 335ಇ ಬಸ್ಸಿಗೆ ಕಾದು ಹೊತ್ತಿಗೆ ಊಟ ಕಾಣದ ನೌಕರನಿಗೂ ಹೊಟ್ಟೆನೋವು ಅಂದರೆ ಗ್ಯಾಸ್ಟ್ರಿಕ್ಕೇ. ಬಹಳ ಮಟ್ಟಿಗೆ ಅದು ನಿಜವೂ ಹೌದು. ಯಾವಾಗಲೂ ಅಲ್ಲ.

2016ರ ಜೂನ್‌ನಲ್ಲಿ ಎಚ್‌ಟಿಟಿ-40 ತರಬೇತಿ ವಿಮಾನದ ಹಾರಾಟ ನೋಡಲು ಅಂದಿನ ರಕ್ಷಣಾ ಮಂತ್ರಿ ಮನೋಹರ ಪರಿಕ್ಕರ್ ನಮ್ಮ ಎಚ್‌ಎಎಲ್‌ಗೆ ಬಂದಿದ್ದರು. ಮುಂದೆ ಗೋವಾ ಮುಖ್ಯಮಂತ್ರಿಯಾದ ಅವರು 2018ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದರು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ಮುಂಬೈ, ಅಮೆರಿಕ, ದೆಹಲಿ ಎಲ್ಲ ಕಡೆ ಚಿಕಿತ್ಸೆ ಆಯಿತು. 2019ರ ಮಾರ್ಚ್ 17ರಂದು ತೀರಿಕೊಂಡರು. ವಯಸ್ಸು ಬರೀ 63.

ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡಗಿ ಮಲಗಿರುವ ಗ್ರಂಥಿ ಇದು. ಅದರ ತಲೆಭಾಗದಲ್ಲಿ ಗಡ್ಡೆ ಬೆಳೆದರೆ ಪಕ್ಕದ ಪಿತ್ತನಾಳ ಅಮುಕಿಹೋಗುತ್ತದೆ. ಪಿತ್ತ ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಡಿಕಾಕ್ಷನ್ನಿನ ಬಣ್ಣ, ಮಲ ಮಾತ್ರ ಜೇಡಿಮಣ್ಣಿನಂತೆ ಬಿಳಿಚು, ಮೈಯೆಲ್ಲ ತುರಿಕೆ. ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ! ಪಿತ್ತನಾಳದ ಕ್ಯಾನ್ಸರೂ, ಆ ನಾಳ ಕರುಳಿಗೆ ಕೂಡುವ ಬಾಯಿಯ ಕ್ಯಾನ್ಸರೂ ಹೀಗೇ ತಲೆದೋರುತ್ತವೆ. ಈ ಬಾಯಿಯ ಗಡ್ಡೆಯಂತೂ ಬೇಗ ಸಿಕ್ಕಿದರೆ ಆಪರೇಷನ್ನಿನಿಂದ ವಾಸಿಯಾಗುವ ಸಂಭವ ಹೆಚ್ಚು.

ನಾವು ಮಾಡುವುದೇನು? "ಕಾಮಾಲೆ ಕಣ್ರೀ, ಇಂಗ್ಲಿಷ್ ಔಷಧಿ ಮುಟ್ಟಬೇಡಿ" ಅಂತ ನೆಲನೆಲ್ಲಿ ರಸ ಕುಡಿಸಿ, ಪಥ್ಯ ಹಿಡಿಸಿ, ತಿಂಗಳು ಕಳೆಯುತ್ತೇವೆ. ವೈರಸ್ಸಿನಿಂದ ಬರುವ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಕಟ್ಟಿಕೊಂಡ ನಾಳ ಯಾವ ಸೊಪ್ಪಿಗೂ ಬಿಟ್ಟುಕೊಳ್ಳುವುದಿಲ್ಲ. ಗಡ್ಡೆಗೆ ಮಾತ್ರ ಒಂದು ತಿಂಗಳು ರಜೆ ಸಿಕ್ಕಂತಾಯಿತು, ಅಷ್ಟೇ.

ಮೇಲುಹೊಟ್ಟೆಯಿಂದ ಬೆನ್ನಿಗೆ ಹಾಯುವ ನೋವು, ಮುಂದಕ್ಕೆ ಬಾಗಿ ಕೂತರೆ ತುಸು ಹಗುರ, ಹಸಿವಿಲ್ಲ, ಷರಟು ಸಡಿಲ — ಇದನ್ನೂ ತಾತ್ಸಾರ ಮಾಡಬಾರದು. ಐವತ್ತು ದಾಟಿದವರಿಗೆ ಮೈ ಇಳಿಯುತ್ತಾ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿದರೆ ಡಾಕ್ಟರರನ್ನು ಒಂದು ಮಾತು ಕೇಳಿ. ಸಕ್ಕರೆ ಬಂದವರಿಗೆಲ್ಲ ಕ್ಯಾನ್ಸರ್ ಅಂತ ಹೆದರಬೇಕಿಲ್ಲ.

ಇನ್ನು ಬೀಡಿ-ಸಿಗರೇಟು. ಸೇದದವನಿಗಿಂತ ಸೇದುವವನಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು ಎರಡರಷ್ಟು. ಬೊಜ್ಜು, ಹೆಂಡದಿಂದ ಪದೇ ಪದೇ ಊದಿ ಕೆಟ್ಟ ಗ್ರಂಥಿ, ಅಪ್ಪ-ಅಮ್ಮ ಒಡಹುಟ್ಟಿದವರಿಗೆ ಬಂದಿದ್ದ ಇದೇ ಕಾಯಿಲೆ ಇವೂ ಲೆಕ್ಕಕ್ಕೆ ಬರುತ್ತವೆ. ಏನೂ ಇಲ್ಲದವರಿಗೂ ಬರುತ್ತದೆ, ಅದು ಬೇರೆ ಮಾತು.

ಔಷಧಿ ಅಂಗಡಿ ಯಜಮಾನರಿಗೆ ನನ್ನದೊಂದು ತಕರಾರಿದೆ. ಒಬ್ಬನೇ ಗಿರಾಕಿ ಮೂರನೇ ವಾರವೂ ಅದೇ ಮಾತ್ರೆಗೆ ಬಂದರೆ ಚೀಟಿ ಹರಿದು ಕೊಡುವ ಮುಂಚೆ ಅವನ ಕಣ್ಣು ನೋಡಿ. ಹಳದಿ ಕಂಡರೆ ಡಾಕ್ಟರರ ಹತ್ತಿರ ಕಳಿಸಿ. ಒಂದು ರಕ್ತಪರೀಕ್ಷೆ, ಒಂದು ಹೊಟ್ಟೆ ಸ್ಕ್ಯಾನಿಂಗು, ಅಲ್ಲಿಂದ ಶುರು. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯಿದೆ, ಕ್ಯಾನ್ಸರಿಗೇ ಅಂತ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಒಂದು ಸ್ಟ್ರಿಪ್ಪಿನ ವ್ಯಾಪಾರ ತಪ್ಪಬಹುದು, ಗಿರಾಕಿ ಉಳಿದಾನು.